ಒಂದೇ ಬಟ್ಟಿಯ ಎರಡು ಎಣ್ಣೆ: ಡೀಸೆಲ್ ಟ್ರ್ಯಾಕ್ಟರಿನಲ್ಲಿ ತಾಪನ ತೈಲದ ಬಳಕೆ

ಅಮೆರಿಕದ ಈಶಾನ್ಯ ರಾಜ್ಯಗಳ ಹಳ್ಳಿಮನೆಗಳ ನೆಲಮಾಳಿಗೆಯಲ್ಲಿ 275 ಗ್ಯಾಲನ್, ಅಂದರೆ ಸುಮಾರು 1,040 ಲೀಟರ್ ಹಿಡಿಯುವ ಉಕ್ಕಿನ ಟ್ಯಾಂಕ್ ಇರುವುದು ಸಾಮಾನ್ಯ. ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ಬಾಯ್ಲರಿಗೆ ಎಣ್ಣೆ ಹೋಗುವುದು ಇಲ್ಲಿಂದಲೇ. ಆ ದೇಶದ ಮನೆಗಳು ಉರಿಸುವ ತಾಪನ ತೈಲದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಈ ಭಾಗದಲ್ಲೇ ಖರ್ಚಾಗುತ್ತದೆ. ರೈತನ ಮನೆಯಾದರೆ ಪಕ್ಕದ ಕೊಟ್ಟಿಗೆಯಲ್ಲಿ ಡೀಸೆಲ್ ಟ್ರ್ಯಾಕ್ಟರೂ ನಿಂತಿರುತ್ತದೆ. ನೆಲಮಾಳಿಗೆಯ ಎಣ್ಣೆಯನ್ನು ಟ್ರ್ಯಾಕ್ಟರಿಗೆ ಹಾಕಬಹುದೇ ಎಂಬ ಪ್ರಶ್ನೆ ಅಲ್ಲಿ ಬಹಳ ಹಳೆಯದು. ಸಿಗುವ ಉತ್ತರಗಳು ಎರಡು ಬಗೆಯವು: ಎರಡೂ ಒಂದೇ, ಧಾರಾಳವಾಗಿ ಹಾಕಿ ಎಂಬುದು ಒಂದು, ಹಾಕಿದರೆ ಎಂಜಿನ್ ಹೋಯಿತೆಂದೇ ಲೆಕ್ಕ ಎಂಬುದು ಇನ್ನೊಂದು. ಎರಡರಲ್ಲೂ ಇರುವುದು ಅರ್ಧ ಸತ್ಯ. ಈ ಲೇಖನದ ವಾದ ಇಷ್ಟು: ಕಳೆದ ಎರಡು ದಶಕಗಳಲ್ಲಿ ಈ ಎರಡು ಎಣ್ಣೆಗಳು ಹಿಂದೆಂದಿಗಿಂತ ಹತ್ತಿರ ಬಂದಿವೆ, ಅದೇ ಅವಧಿಯಲ್ಲಿ ಟ್ರ್ಯಾಕ್ಟರಿನ ಎಂಜಿನ್ ಹಿಂದೆಂದಿಗಿಂತ ಸೂಕ್ಷ್ಮವಾಗಿದೆ. ಆದ್ದರಿಂದ ಹಳೆಯ ಯಂತ್ರದ ಅನುಭವವನ್ನು ಹೊಸದಕ್ಕೆ ಆಧಾರವಾಗಿ ಹಿಡಿಯುವಂತಿಲ್ಲ.

ಕಚ್ಚಾತೈಲವನ್ನು ಬಟ್ಟಿ ಇಳಿಸುವಾಗ ಸೀಮೆಎಣ್ಣೆಗಿಂತ ಭಾರವಾದ, ಫರ್ನೇಸ್ ಎಣ್ಣೆಗಿಂತ ಹಗುರವಾದ ನಡುವಿನ ಅಂಶ ದೊರೆಯುತ್ತದೆ. 2ನೇ ದರ್ಜೆಯ ಡೀಸೆಲ್ ಮತ್ತು 2ನೇ ದರ್ಜೆಯ ತಾಪನ ತೈಲ ಎರಡೂ ಈ ಅಂಶದಿಂದಲೇ ಬರುತ್ತವೆ. ಲೀಟರಿಗೆ ಸಿಗುವ ಶಾಖ ಎರಡರಲ್ಲೂ ಹೆಚ್ಚುಕಡಿಮೆ ಸಮ. ಬೇರೆ ಇರುವುದು ಅವುಗಳಿಗೆ ಅನ್ವಯಿಸುವ ಮಾನಕ. ಅಮೆರಿಕದಲ್ಲಿ ಡೀಸೆಲ್ಲಿಗೆ ಎಎಸ್‌ಟಿಎಂ ಡಿ975, ತಾಪನ ತೈಲಕ್ಕೆ ಡಿ396. ಮೊದಲನೆಯದು ಕೇಳುವ ಎರಡು ಮುಖ್ಯ ಗುಣಗಳನ್ನು ಎರಡನೆಯದು ಕೇಳುವುದೇ ಇಲ್ಲ: ಸೀಟೇನ್ ಸಂಖ್ಯೆ ಮತ್ತು ಜಾರುಗುಣ.

ಕೇಳದಿರುವುದಕ್ಕೆ ಸಕಾರಣವಿದೆ. ಮನೆಯ ಬರ್ನರಿನಲ್ಲಿ ಪಂಪು ಎಣ್ಣೆಯನ್ನು ಸುಮಾರು 7 ಬಾರ್ ಒತ್ತಡದಲ್ಲಿ ಸಣ್ಣ ನಾಜಲ್ ಮೂಲಕ ತುಂತುರಾಗಿ ಚಿಮ್ಮಿಸುತ್ತದೆ. ಎದುರಿಗೆ ಎರಡು ಎಲೆಕ್ಟ್ರೋಡುಗಳ ನಡುವೆ 10,000 ವೋಲ್ಟಿನ ಕಿಡಿ ಹಾರುತ್ತಿರುತ್ತದೆ; ಎಣ್ಣೆ ಹೊತ್ತಿಕೊಂಡು ಜ್ವಾಲೆ ನಿರಂತರ ಉರಿಯುತ್ತದೆ. ಎಣ್ಣೆ ತಾನಾಗಿ ಎಷ್ಟು ಬೇಗ ಹೊತ್ತುತ್ತದೆ ಎಂಬುದು ಅಲ್ಲಿ ಮುಖ್ಯವಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಒತ್ತಿ ಕಾಯಿಸಿದ ಗಾಳಿಗೆ ಎಣ್ಣೆ ಬಿದ್ದ ಕ್ಷಣಾರ್ಧದಲ್ಲಿ ತಾನಾಗಿಯೇ ಹೊತ್ತಿಕೊಳ್ಳಬೇಕು. ಆ ತ್ವರೆಯ ಅಳತೆಯೇ ಸೀಟೇನ್ ಸಂಖ್ಯೆ. ಡಿ975ರ ಪ್ರಕಾರ ಅದು ಕನಿಷ್ಠ 40 ಇರಬೇಕು. ಯುರೋಪಿನ ಇಎನ್590 ಮತ್ತು ಭಾರತದ ಬಿಎಸ್-6 ಕೇಳುವುದು 51. ತೈಲ ಶುದ್ಧೀಕರಣ ಘಟಕಗಳಲ್ಲಿ ಭಾರದ ಎಣ್ಣೆಯನ್ನು ಕ್ರ್ಯಾಕಿಂಗ್ ಮಾಡಿದಾಗ ಉಳಿಯುವ, ಸೀಟೇನ್ ಸಂಖ್ಯೆ ತೀರ ಕಡಿಮೆಯಿರುವ ಪ್ರವಾಹವೊಂದಿದೆ. ಅದನ್ನು ತಾಪನ ತೈಲದಲ್ಲಿ ಬೆರೆಸಿ ವಿಲೇವಾರಿ ಮಾಡುವುದು ವಾಡಿಕೆ. ಬಾಯ್ಲರಿಗೆ ಅದರಿಂದ ತೊಂದರೆಯಿಲ್ಲ. ಟ್ರ್ಯಾಕ್ಟರಿಗೆ ಹಾಕಿದರೆ ಮಂಜಿನ ಬೆಳಗಿನಲ್ಲಿ ಎಂಜಿನ್ ಹಿಡಿಯಲು ಹಟ ಮಾಡುತ್ತದೆ, ಬಿಳಿ ಹೊಗೆ ಕಾರುತ್ತದೆ, ಒಳಗೆ ಬಡಿತ ಕೇಳಿಸುತ್ತದೆ. ಇಂಥ ಎಣ್ಣೆಯೇ ನಿಮ್ಮ ಟ್ಯಾಂಕಿಗೆ ಬಂದಿದೆ ಎಂದು ಹೇಳಲಾಗದು. ಬಂದಿಲ್ಲ ಎಂಬ ಭರವಸೆಯನ್ನೂ ಡಿ396 ಕೊಡುವುದಿಲ್ಲ.

ಜಾರುಗುಣದ ವಿಷಯವನ್ನು ಇಲ್ಲಿ ವಿವರವಾಗಿಯೇ ನೋಡಬೇಕು. ಎಂಜಿನ್ ಕೆಟ್ಟಿತು ಎಂದು ಜನ ಹೇಳುವಾಗ ಎಷ್ಟೋ ಬಾರಿ ಕೆಟ್ಟಿರುವುದು ಇಂಜೆಕ್ಷನ್ ಪಂಪು. ಹಳೆಯ ಟ್ರ್ಯಾಕ್ಟರುಗಳಲ್ಲಿ ಈ ಪಂಪು ಎರಡು ಬಗೆ. ಸಾಲುಪಂಪಿನ ಕ್ಯಾಮ್‌ಶಾಫ್ಟ್ ಎಂಜಿನ್ ಆಯಿಲಿನಲ್ಲಿ ಮುಳುಗಿ ತಿರುಗುತ್ತದೆ; ಪ್ಲಂಜರುಗಳಷ್ಟೇ ಇಂಧನವನ್ನು ನೆಚ್ಚಿರುತ್ತವೆ. ರೋಟರಿ ಪಂಪಿನಲ್ಲಿ ಹಾಗಲ್ಲ. ಸಿಎವಿ ಡಿಪಿಎ, ರೂಸಾ ಮಾಸ್ಟರ್ ಮಾದರಿಗಳ ಒಳಗಿನ ರೋಟರ್, ರೋಲರ್, ಕ್ಯಾಮ್ ರಿಂಗ್ ಎಲ್ಲಕ್ಕೂ ಹಾದುಹೋಗುವ ಇಂಧನವೇ ಆಯಿಲ್. ಅದರಲ್ಲಿ ಜಾರುಗುಣ ಕಡಿಮೆಯಿದ್ದರೆ ಲೋಹ ಲೋಹವನ್ನು ತಿನ್ನುತ್ತದೆ. 1990ರ ದಶಕದ ಆರಂಭದಲ್ಲಿ ಸ್ವೀಡನ್ ಗಂಧಕವನ್ನು ಬಹುತೇಕ ತೆಗೆದ ಡೀಸೆಲ್ಲನ್ನು ತಂದಾಗ ಇಂಥ ಪಂಪುಗಳು ಅಕಾಲದಲ್ಲಿ ಸವೆದು ಹೋದವು. ಗಂಧಕ ತೆಗೆಯುವ ಹೈಡ್ರೋಜನ್ ಸಂಸ್ಕರಣೆ ಸಹಜ ಜಾರುಗುಣ ಕೊಡುವ ಅಂಶಗಳನ್ನೂ ಜೊತೆಗೇ ತೆಗೆದುಬಿಡುತ್ತದೆ ಎಂಬುದು ಆಗ ಎದ್ದು ಕಂಡಿತು. ಅಮೆರಿಕದ ಡೀಸೆಲ್ ಮಾನಕಕ್ಕೆ 2005ರಲ್ಲಿ ಜಾರುಗುಣದ ಷರತ್ತು ಸೇರಿತು: ಉಜ್ಜುವ ಪರೀಕ್ಷೆಯಲ್ಲಿ ಬೀಳುವ ಸವೆತದ ಗುರುತು 520 ಮೈಕ್ರಾನ್ ಮೀರಬಾರದು. ಡೀಸೆಲ್ ಮಾರುವವರು ಅದಕ್ಕಾಗಿ ಸೇರ್ಪಡೆ ಬೆರೆಸುತ್ತಾರೆ. ಬರೀ ತಾಪನ ತೈಲವಾಗಿ ಹೋಗುವ ಎಣ್ಣೆಗೆ ಅದನ್ನು ಬೆರೆಸಬೇಕೆಂಬ ಕಟ್ಟುಪಾಡಿಲ್ಲ.

ಹಳೆಯ ತಾಪನ ತೈಲದಲ್ಲಿ ಈ ಕೊರತೆ ಅಷ್ಟಾಗಿ ಕಾಣಿಸುತ್ತಿರಲಿಲ್ಲ. ಅದರಲ್ಲಿ 5,000 ಪಿಪಿಎಂವರೆಗೂ ಗಂಧಕವಿರುತ್ತಿತ್ತು. ಕಡುಸಂಸ್ಕರಣೆಗೆ ಒಳಗಾಗದ ಎಣ್ಣೆಯಾದ್ದರಿಂದ ಪಂಪಿಗೆ ಬೇಕಾದ ಜಾರುಗುಣ ಉಳಿದಿರುತ್ತಿತ್ತು. ನಮ್ಮ ತಂದೆ ಜೀವನವಿಡೀ ಇದನ್ನೇ ಹಾಕಿ ಉತ್ತರು ಎಂದು ಹೇಳುವ ರೈತರ ಮಾತು ಸುಳ್ಳಲ್ಲ. ಆದರೆ ಅವರು ಹೇಳುವ ಎಣ್ಣೆ ಈಗಿಲ್ಲ. ನ್ಯೂಯಾರ್ಕ್ ರಾಜ್ಯ 2012ರ ಜುಲೈನಿಂದ ತಾಪನ ತೈಲದ ಗಂಧಕವನ್ನು 15 ಪಿಪಿಎಂಗೆ ಇಳಿಸಿತು. 2018ರ ಹೊತ್ತಿಗೆ ನೆರೆಯ ಹಲವು ರಾಜ್ಯಗಳೂ ಅದೇ ಹಾದಿ ಹಿಡಿದವು. ಹೊಲದ ಯಂತ್ರಗಳ ಡೀಸೆಲ್ 2007ರಲ್ಲಿ 500ಕ್ಕೂ 2010ರಲ್ಲಿ 15ಕ್ಕೂ ಇಳಿದಿತ್ತು. ಹೀಗಾಗಿ ಇಂದು ಅಲ್ಲಿನ ಎಷ್ಟೋ ಮಾರಾಟಗಾರರು ಒಂದೇ ಎಣ್ಣೆಯನ್ನು ಎರಡು ರಸೀದಿಗಳಲ್ಲಿ ಮಾರುತ್ತಾರೆ. ಇದರ ಮೇಲೆ ನ್ಯೂಯಾರ್ಕ್ ಮತ್ತು ಕನೆಕ್ಟಿಕಟ್ 2022ರಲ್ಲಿ ತಾಪನ ತೈಲದಲ್ಲಿ ಕನಿಷ್ಠ ಶೇ. 5 ಜೈವಿಕ ಡೀಸೆಲ್ ಕಡ್ಡಾಯ ಮಾಡಿದವು. ಇದು ಜಾರುಗುಣವನ್ನು ಮರಳಿ ಕೊಡುತ್ತದೆ. ಜೊತೆಗೆ ನೀರನ್ನು ಹೀರಿಟ್ಟುಕೊಳ್ಳುತ್ತದೆ, ಪ್ರಮಾಣ ಏರಿದಂತೆ ಚಳಿಗೆ ಬೇಗ ಗಟ್ಟಿಯಾಗುತ್ತದೆ. ಡಿ975 ಒಪ್ಪುವುದು ಶೇ. 5ರವರೆಗೆ ಮಾತ್ರ, ಡಿ396ರಲ್ಲಿ ಶೇ. 20ರವರೆಗಿನ ದರ್ಜೆಯೂ ಇದೆ.

ಈ ಕಡೆ ಎಂಜಿನ್ನು ಬೇರೆಯೇ ಆಗಿದೆ. ಹಳೆಯ ಇಂಜೆಕ್ಟರ್ ಸುಮಾರು 200 ಬಾರ್ ಒತ್ತಡಕ್ಕೆ ತೆರೆಯುತ್ತಿತ್ತು. ಇಂದಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಆ ಒತ್ತಡ 1,600ರಿಂದ 2,000 ಬಾರ್. ಬಿಡಿಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ಹೊಗೆಕೊಳವೆಯಲ್ಲಿ ಕ್ಯಾಟಲಿಸ್ಟ್ ಮತ್ತು ಮಸಿಯ ಫಿಲ್ಟರ್ ಬಂದಿವೆ. ಹೆಚ್ಚು ಗಂಧಕದ ಎಣ್ಣೆ ಕ್ಯಾಟಲಿಸ್ಟನ್ನು ಕೆಡಿಸುತ್ತದೆ. ಇಂಥ ಎಂಜಿನ್ನಿಗೆ ನೆಲಮಾಳಿಗೆಯ ಟ್ಯಾಂಕಿನ ಎಣ್ಣೆ ಕಳಿಸುವುದೆಂದರೆ ಏನೆಂದು ಯೋಚಿಸಬೇಕು. ಆ ಟ್ಯಾಂಕನ್ನು ವರ್ಷಗಟ್ಟಲೆ ಪೂರ್ತಿ ಬರಿದು ಮಾಡಿ ತೊಳೆಯುವುದಿಲ್ಲ. ತಳದಲ್ಲಿ ತುಕ್ಕು, ನೀರು, ಕಪ್ಪು ರಾಡಿ ಕೂತಿರುತ್ತದೆ. ತಳಕ್ಕೆ ಪೈಪು ಇಳಿಬಿಟ್ಟು ಕ್ಯಾನಿಗೆ ಎಳೆದರೆ ಮೊದಲು ಬರುವುದು ಆ ರಾಡಿಯೇ. ನನ್ನ ಅಭಿಪ್ರಾಯದಲ್ಲಿ, ತಾಪನ ತೈಲದ ಮೇಲೆ ಹೊರಿಸುವ ಅಪವಾದಗಳಲ್ಲಿ ಒಂದು ದೊಡ್ಡ ಪಾಲು ಟ್ಯಾಂಕಿಗೆ ಸೇರಬೇಕಾದ್ದು.

ಕಾನೂನಿನ ಮಾತು. ಅಮೆರಿಕದಲ್ಲಿ ರಸ್ತೆಯ ಡೀಸೆಲ್ಲಿಗೆ ಗ್ಯಾಲನ್‌ಗೆ 24.4 ಸೆಂಟ್ ಕೇಂದ್ರ ತೆರಿಗೆಯಿದೆ. ಹೊಲದಲ್ಲಿ ಬಳಸುವುದಕ್ಕೆ ಇಲ್ಲ. ತೆರಿಗೆಯಿಲ್ಲದ ಎಣ್ಣೆಗೆ ಕೆಂಪು ಬಣ್ಣ ಬೆರೆಸುತ್ತಾರೆ, ತಾಪನ ತೈಲಕ್ಕೂ ಅದೇ ಬಣ್ಣ. ಕೆಂಪೆಣ್ಣೆ ರಸ್ತೆಯ ವಾಹನದಲ್ಲಿ ಸಿಕ್ಕಿದರೆ 1,000 ಡಾಲರ್ ಅಥವಾ ಗ್ಯಾಲನ್‌ಗೆ 10 ಡಾಲರ್, ಯಾವುದು ಹೆಚ್ಚೋ ಅಷ್ಟು ದಂಡ. ಹೊಲದ ಎಂಜಿನ್ನಿಗೆ ತೆರಿಗೆಯ ತಕರಾರಿಲ್ಲದಿದ್ದರೂ ಪರಿಸರ ನಿಯಮದ ತಕರಾರಿದೆ: ಡೀಸೆಲ್ ಮಾನಕಕ್ಕೆ ಒಳಪಡದ ತಾಪನ ತೈಲ ಅಲ್ಲಿಗೂ ಸಲ್ಲದು. 2012ರ ಸ್ಯಾಂಡಿ ಚಂಡಮಾರುತದ ನಂತರ ನ್ಯೂಜೆರ್ಸಿಯ ತುರ್ತು ಸೇವೆಯ ವಾಹನ ಮತ್ತು ಯಂತ್ರಗಳಿಗೆ ತಾಪನ ತೈಲ ಬಳಸಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ಆಪತ್ತಿನಲ್ಲಿ ಎಂಜಿನ್ ಇದರಿಂದ ಓಡುತ್ತದೆ ಎಂದು ಸರ್ಕಾರವೂ ಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೊಲದ ಡೀಸೆಲ್ಲಿಗೇ ತೆರಿಗೆಯಿಲ್ಲದ ಅಮೆರಿಕದಲ್ಲಿ ತಾಪನ ತೈಲ ಹಾಕಿ ರೈತ ಉಳಿಸುವುದು ಅಲ್ಪ. ಜರ್ಮನಿಯ ಲೆಕ್ಕ ಬೇರೆ. ಅಲ್ಲಿ ಲೀಟರ್ ಡೀಸೆಲ್ಲಿಗೆ 47.04 ಸೆಂಟ್ ತೆರಿಗೆ, ತಾಪನ ತೈಲಕ್ಕೆ 6.135 ಸೆಂಟ್. ರೈತರಿಗೆ ಬಹುಕಾಲ 21.48 ಸೆಂಟ್ ಮರುಪಾವತಿ ಸಿಗುತ್ತಿತ್ತು. ಅದನ್ನು ಕಳೆದರೂ 19 ಸೆಂಟಿನ ಅಂತರ ಉಳಿಯುತ್ತಿತ್ತು. ಆಮಿಷ ದೊಡ್ಡದಾದ್ದರಿಂದ ಟ್ರ್ಯಾಕ್ಟರಿಗೆ ತಾಪನ ತೈಲ ಹಾಕುವುದು ಅಲ್ಲಿ ತೆರಿಗೆ ವಂಚನೆಯ ಅಪರಾಧ. ಆ ಮರುಪಾವತಿಯನ್ನು ನಿಲ್ಲಿಸುವುದಾಗಿ ಸರ್ಕಾರ ಹೇಳಿದ್ದಕ್ಕೇ 2023ರ ಡಿಸೆಂಬರಿನಲ್ಲಿ ಟ್ರ್ಯಾಕ್ಟರುಗಳು ಬರ್ಲಿನ್ನಿಗೆ ನುಗ್ಗಿದ್ದು.

ಹತ್ತಿರದ ಎರಡು ಎಣ್ಣೆಗಳಿಗೆ ದೂರದ ಎರಡು ಬೆಲೆ ಇಟ್ಟರೆ ಏನಾಗುತ್ತದೆಂದು ಭಾರತಕ್ಕೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ತಾಪನ ತೈಲವಿಲ್ಲ. ಅದರ ಜಾಗದಲ್ಲಿ ನೀಲಿ ಬಣ್ಣದ ಪಡಿತರ ಸೀಮೆಎಣ್ಣೆ ಇತ್ತು; ಅಗ್ಗದ ಈ ಎಣ್ಣೆಯನ್ನು ಡೀಸೆಲ್ಲಿಗೆ ಬೆರೆಸಿ ಮಾರುವ ದಂಧೆಯೂ ಇತ್ತು. ಕೆಜಿಎಫ್‌ನಲ್ಲಿ ಬೆಳೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಇಂಡಿಯನ್ ಆಯಿಲ್ ಅಧಿಕಾರಿ ಮಂಜುನಾಥ್ ಷಣ್ಮುಗಂ, ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡಿದ್ದಕ್ಕೆ 2005ರ ನವೆಂಬರಿನಲ್ಲಿ ಉತ್ತರಪ್ರದೇಶದ ಲಖೀಂಪುರ ಖೇರಿಯಲ್ಲಿ ಕೊಲೆಯಾದರು. ಇಂಧನದ ಮಾನಕವನ್ನು ಬರೀ ಕಾಗದದ ವಿಷಯವೆಂದು ತಳ್ಳಿಹಾಕುವವರು ಈ ಸಾವನ್ನು ನೆನೆಯಬೇಕು.

ಎಂಜಿನ್ನಿನ ಮಟ್ಟಿಗೆ ನಿಲುವು ಹೀಗೆ. ಸಾಲುಪಂಪಿನ ಹಳೆಯ ಟ್ರ್ಯಾಕ್ಟರನ್ನು, ಸೋಸಿದ ಶುದ್ಧ ತಾಪನ ತೈಲದಿಂದ ಆಪತ್ತಿನಲ್ಲಿ ಓಡಿಸಿದರೆ ಹಾನಿಯಿಲ್ಲ. ರೋಟರಿ ಪಂಪಿನದಾದರೆ ಜಾರುಗುಣದ ಸೇರ್ಪಡೆಯಿಲ್ಲದೆ ಹಾಕಬಾರದು. ಕಾಮನ್ ರೈಲ್ ಎಂಜಿನ್ನಿಗೆ ಇದು ಬೇಡವೇ ಬೇಡ. ಮಾರಾಟಗಾರ ಎರಡೂ ಒಂದೇ ಎಣ್ಣೆ ಎಂದು ಹೇಳಿದರೆ, ಆ ಮಾತನ್ನು ರಸೀದಿಯ ಮೇಲೆ ಡಿ975 ಎಂದು ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವರ ಎಣ್ಣೆಯನ್ನು ಬಾಯ್ಲರಿಗೇ ಬಿಡಿ.