ಕೊಬ್ಬಿನ ಲೆಕ್ಕ, ಬರದ ಲೆಕ್ಕ

ಕನ್ನಡದಲ್ಲಿ ಒಬ್ಬನಿಗೆ ‘ಕೊಬ್ಬು ಜಾಸ್ತಿ’ ಎಂದರೆ ಸೊಕ್ಕಿನವನೆಂದು ಅರ್ಥ. ಉರ್ದುವಿನಲ್ಲೂ ಸೊಕ್ಕಿದವನ ಕಣ್ಣಿಗೆ ಚರ್ಬಿ ಕವಿದಿದೆ ಎನ್ನುತ್ತೇವೆ. ಎರಡೂ ಭಾಷೆಗಳಲ್ಲಿ ಬೈಗುಳಾದ ಈ ವಸ್ತುವೇ ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ಪ್ರಾಣ ಉಳಿಸುವ ಗಂಟಾಗಿತ್ತು.

ಶಿಡ್ಲಘಟ್ಟದ ರೀಲಿಂಗ್ ಶೆಡ್ಡುಗಳಲ್ಲಿ ನೂಲು ತೆಗೆದ ಮೇಲೆ ಉಳಿಯುವ ಪ್ಯೂಪಾದಲ್ಲಿ ಎಣ್ಣೆ ಹೇರಳ. ಅದಕ್ಕೆ ಕಾರಣವಿದೆ. ರೇಷ್ಮೆ ಚಿಟ್ಟೆ ಏನನ್ನೂ ತಿನ್ನುವುದಿಲ್ಲ. ಹುಳುವಾಗಿದ್ದಾಗ ಹಿಪ್ಪುನೇರಳೆ ಸೊಪ್ಪು ಮೆದ್ದು ಕೂಡಿಟ್ಟ ಕೊಬ್ಬಿನ ಬಲದಲ್ಲೇ ಮೊಟ್ಟೆಯಿಟ್ಟು ಸಾಯುತ್ತದೆ. ಮನುಷ್ಯನ ಮೈಯೂ ಹೀಗೆಯೇ ಕೂಡಿಡುತ್ತದೆ. ಒಂದು ಗ್ರಾಂ ಪಿಷ್ಟದಿಂದ 4 ಕ್ಯಾಲೊರಿ ಸಿಕ್ಕರೆ ಕೊಬ್ಬಿನಿಂದ 9.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಮಳೆ ಮತ್ತು ಕೆರೆಯನ್ನೇ ನಂಬಿದ ನಾಡು. 1876-78ರ ಮಹಾ ಬರದಲ್ಲಿ ಕೆರೆಗಳೊಂದಿಗೆ ಹಗೇವುಗಳೂ ಬರಿದಾದವು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದರು. ಬರಗಾಲಗಳಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ಬದುಕುಳಿಯುವುದನ್ನು ಜನಸಂಖ್ಯಾ ತಜ್ಞರು ಗುರುತಿಸಿದ್ದಾರೆ. ಹೆಣ್ಣಿನ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚಿರುವುದು ಅದಕ್ಕೊಂದು ಕಾರಣ. ಉಂಡು ಉಳಿದದ್ದನ್ನು ತಿನ್ನುವ ಹೆಂಗಸಿಗೆ ದೇಹವಾದರೂ ಅಷ್ಟು ನ್ಯಾಯ ಮಾಡಿತು ಎನ್ನೋಣ.

ಆ ಬರಕ್ಕೂ ಇಂದಿನ ಸಕ್ಕರೆ ಕಾಯಿಲೆಗೂ ನೇರ ಗಂಟು ಹಾಕುವುದು ದುಡುಕು. ಆದರೆ ಬಸಿರಿನ ಹಸಿವು ಮಗುವಿನ ಮೈಯಲ್ಲಿ ಉಳಿಯುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷ್ಯವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ ಕೂಸುಗಳ ತೂಕ ಬರೆದಿಟ್ಟಿದ್ದರು. ದೊಡ್ಡವರಾದ ಅವರನ್ನು ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. 45 ದಾಟಿದವರ ಪೈಕಿ, ಹುಟ್ಟಿದಾಗ ಎರಡೂವರೆ ಕಿಲೋ ಮೀರದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ, 3.1 ಕಿಲೋ ಮೀರಿದವರಲ್ಲಿ 3 ಮಂದಿಗೆ. ಸಕ್ಕರೆ ಕಾಯಿಲೆಯ ಲೆಕ್ಕ ಇಷ್ಟು ಸರಳವಾಗಿರಲಿಲ್ಲ. ಅದು ಹುಟ್ಟುವಾಗ ಗಿಡ್ಡಗೆ, ದುಂಡಗೆ ಇದ್ದವರಲ್ಲಿ ಹೆಚ್ಚು ಕಂಡಿತು.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 2003ರಲ್ಲಿ ಈ ಒಗಟಿನ ಒಂದು ಎಳೆ ಹಿಡಿದರು. ಅಲ್ಲಿನ ಹಳ್ಳಿಗಳ ಕೂಸಿನ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಕೂಸಿನದು 3.5. ನಮ್ಮ ಕೂಸಿನಲ್ಲಿ ಮಾಂಸಖಂಡ ಬಡವಾಗಿತ್ತು, ಕೊಬ್ಬು ಮಾತ್ರ ಅಷ್ಟಾಗಿ ಕರಗಿರಲಿಲ್ಲ. ಇಂಥ ಮೈಗೆ ಮುಂದೆ ಪಾಲಿಷ್ ಅಕ್ಕಿ, ಸಕ್ಕರೆ ಚಹಾ, ಕೂತು ಮಾಡುವ ಕೆಲಸ ಸಿಕ್ಕರೆ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಸೇರುತ್ತದೆ. ಇನ್ಸುಲಿನ್ನಿನ ಮಾತು ನಡೆಯುವುದಿಲ್ಲ. ಬಿರಿಯಾನಿ ಅಪರೂಪವಾದ ಮನೆಗಳಲ್ಲೂ ಈ ಕಾಯಿಲೆ ಇರುವುದು ಹೀಗೆ.

ತಕ್ಕಡಿ ಇದನ್ನು ತೋರಿಸುವುದಿಲ್ಲ. ಭಾರತೀಯ ತಜ್ಞರು 2009ರಲ್ಲಿ ಒಪ್ಪಿದ ಸೊಂಟದ ಸುತ್ತಳತೆಯ ಗಡಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್. ಶೇರ್ವಾನಿ ಹೊಲಿಯುವ ದರ್ಜಿಯ ಟೇಪೇ ಸಾಕು.