ಮೇಷ್ಟ್ರಿಗೆ ಬೇರೆ ಆದಾಯ ಇದ್ದೇ ಇರುತ್ತದೆ ಎಂಬ ಲೆಕ್ಕ

ಮಲೆನಾಡಿನ ಮುತ್ತಿನಕೊಪ್ಪದ ಸುತ್ತಮುತ್ತ ಯಾವುದೇ ಸರ್ಕಾರಿ ಪ್ರಾಥಮಿಕ ಶಾಲೆಗೆ ಕಾಯಂ ಶಿಕ್ಷಕರಾಗಿ ಹೊಸದಾಗಿ ಸೇರುವವರ ಮೂಲವೇತನ ಈಗ ತಿಂಗಳಿಗೆ 41 ಸಾವಿರ ರೂಪಾಯಿ ದಾಟುತ್ತದೆ. ಅಂಥದೇ ಶಾಲೆಯಲ್ಲಿ, ಅದೇ ಪಠ್ಯಪುಸ್ತಕ ಹಿಡಿದು ಪಾಠ ಹೇಳುವ ಅತಿಥಿ ಶಿಕ್ಷಕರಿಗೆ 2025ರ ಬಜೆಟ್ಟಿನ ಏರಿಕೆಯೂ ಸೇರಿ ಸಿಗುವುದು 12 ಸಾವಿರ. ಈ ಅಂತರಕ್ಕೆ ಖಜಾನೆಯ ಬಡತನವೇ ಕಾರಣ ಎನ್ನುವುದು ರೂಢಿಯ ಮಾತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ ವಿದ್ಯೆ ಕಲಿಸಿದವರು ಬದುಕಿದ ಬಗೆಯನ್ನು ಹಿಂದಿನಿಂದ ನೋಡಿಕೊಂಡು ಬಂದರೆ ಇನ್ನೊಂದು ಕಾರಣ ಎದ್ದು ಕಾಣುತ್ತದೆ. ಸಂಬಳ ಕೊಡುವವರು ಪ್ರತಿ ಕಾಲದಲ್ಲೂ ಮೇಷ್ಟ್ರಿಗೆ ಬೇರೆ ಎಲ್ಲಿಂದಲೋ ಒಂದಿಷ್ಟು ಬರುತ್ತದೆ ಎಂದು ಎಣಿಸಿಯೇ ಮೊತ್ತ ಗೊತ್ತುಮಾಡಿದ್ದಾರೆ. ಆ ಬೇರೆ ಆದಾಯ ಬತ್ತಿದ ಮೇಲೂ ಎಣಿಕೆ ಮಾತ್ರ ಬದಲಾಗಿಲ್ಲ.

ನಗದು ಸಂಬಳಕ್ಕೆ ಮೊದಲು ಕಲಿಸುವವರನ್ನು ಪೋಷಿಸಿದ್ದು ನೆಲ. 1346ರಲ್ಲಿ ವಿಜಯನಗರದ ಹರಿಹರ ಮತ್ತು ಅವನ ಸಹೋದರರು ಶೃಂಗೇರಿಯ ಭಾರತೀತೀರ್ಥರಿಗೂ ಅವರ ಪರಿವಾರಕ್ಕೂ ಭೂಮಿ ದಾನ ಕೊಟ್ಟಿದ್ದು ಶಾಸನದಲ್ಲಿದೆ. ಇದನ್ನು ಸಂಬಳ ಎನ್ನಲಾಗದು. ಆ ವಿದ್ಯೆ ಊರಿನ ಎಲ್ಲ ಮಕ್ಕಳಿಗೆ ದಕ್ಕಿದ್ದೂ ಅಲ್ಲ. ಆದರೆ ಆ ಏರ್ಪಾಡಿನಲ್ಲಿ ಒಂದು ಭದ್ರತೆಯಿತ್ತು. ಗದ್ದೆಯ ಹುಟ್ಟುವಳಿ ಉಣ್ಣುವವನಿಗೆ ಭತ್ತದ ಬೆಲೆ ಏರಿದರೆ ನಷ್ಟವಿಲ್ಲ, ಅವನ ಆದಾಯವೂ ಜೊತೆಗೇ ಏರುತ್ತದೆ. ಬರ ಬಂದರೆ ಅವನಿಗೂ ಕಷ್ಟ ನಿಜ, ಆದರೆ ಅದು ಊರಿಗೆಲ್ಲ ಬಂದ ಕಷ್ಟ.

ಹತ್ತೊಂಬತ್ತನೇ ಶತಮಾನದ ಮಲೆನಾಡಿನಲ್ಲಿ ಕಲಿಕೆ ನಡೆದದ್ದು ಕೂಲಿಮಠಗಳಲ್ಲಿ ಮತ್ತು ದೊಡ್ಡ ಮನೆಗಳ ಉಪ್ಪರಿಗೆ, ಜಗಲಿಗಳಲ್ಲಿ. ಕನ್ನಡ ಜಿಲ್ಲೆಯಿಂದ ಘಟ್ಟ ಹತ್ತಿ ಬಂದ ಐಗಳು ಗೌಡರ ಮನೆಯಲ್ಲಿ ಉಳಿದು, ಹಾಸಿದ ಮರಳಿನ ಮೇಲೆ ಮಕ್ಕಳ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ಮೊದಲ ಅಕ್ಷರಾಭ್ಯಾಸವೂ ಕುಪ್ಪಳಿಯ ಮನೆಯಲ್ಲಿ ಇಂಥ ಐಗಳ ಕೈಯಲ್ಲೇ ಆಯಿತು. ಇವರ ಗಳಿಕೆಯಲ್ಲಿ ರೊಕ್ಕದ ಪಾಲು ಸಣ್ಣದು. ಊಟ, ವಸತಿ, ಅಕ್ಕಿ, ತೆಂಗಿನಕಾಯಿ, ಅಮಾವಾಸ್ಯೆ ಹುಣ್ಣಿಮೆಯ ಕಾಣಿಕೆ, ಮಹಾನವಮಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮನೆಮನೆಯ ಮುಂದೆ ಚೌಪದಿ ಹಾಡಿಸಿದಾಗ ಸಿಗುವ ದಕ್ಷಿಣೆ, ಇವೆಲ್ಲ ಸೇರಿ ಜೀವನ ಸಾಗುತ್ತಿತ್ತು. ಹಂಗಿನ ಬದುಕು ಅದು. ಮನೆಯ ಯಜಮಾನ ಮುನಿದರೆ ಐಗಳು ಗಂಟುಮೂಟೆ ಕಟ್ಟಬೇಕು. ಆದರೂ ಎಲೆಗೆ ಬೀಳುವ ಅನ್ನ ಸಂತೆಯ ಧಾರಣೆ ನೋಡಿ ಕಡಿಮೆಯಾಗುತ್ತಿರಲಿಲ್ಲ.

ಸರ್ಕಾರ ಈ ವೃತ್ತಿಗೆ ಕೈಹಾಕಿದಾಗ ಹಳೆಯ ಹಂಗನ್ನು ತೆಗೆಯಿತು, ಆದರೆ ಹಳೆಯ ಲೆಕ್ಕವನ್ನು ಹಾಗೇ ಇಟ್ಟುಕೊಂಡಿತು. ಘಟ್ಟದ ಕೆಳಗಿನ ಕೆನರಾ ಮತ್ತು ಬಳ್ಳಾರಿ ಸೇರಿದ್ದ ಮದರಾಸು ಪ್ರಾಂತದ ಗವರ್ನರ್ ಥಾಮಸ್ ಮನ್ರೋ 1826ರ ಟಿಪ್ಪಣಿಯಲ್ಲಿ, ಊರಿನ ಉಪಾಧ್ಯಾಯರು ತಿಂಗಳಿಗೆ ಆರೇಳು ರೂಪಾಯಿಗಿಂತ ಹೆಚ್ಚು ಗಳಿಸುವುದಿಲ್ಲ, ಯೋಗ್ಯರನ್ನು ಈ ಕಸುಬಿಗೆ ಸೆಳೆಯಲು ಅದು ಸಾಲದು ಎಂದು ಸ್ಪಷ್ಟವಾಗಿ ಗುರುತಿಸಿದ್ದ. ಆದರೆ ತಹಸೀಲಿನ ಶಾಲೆಯ ಮೇಷ್ಟ್ರಿಗೆ ಅವನು ಸೂಚಿಸಿದ್ದು 9 ರೂಪಾಯಿ. ಅದು ಕಡಿಮೆ ಅನ್ನಿಸಿದರೂ ಅಷ್ಟೇ ಮೊತ್ತ ಮಕ್ಕಳಿಂದಲೂ ಬರುತ್ತದೆ ಎಂಬುದು ಅವನ ಸಮಜಾಯಿಷಿ. ಮೈಸೂರು ಸೀಮೆಯಲ್ಲಿ ಶಿಕ್ಷಣ ಇಲಾಖೆಯ ಬಿ.ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದ ಮೇಲೆ ಹಳ್ಳಿಗೂ ಸಂಬಳದ ಮೇಷ್ಟ್ರು ಬಂದರು. ಮುಂದೆ ಅನೇಕ ಊರುಗಳಲ್ಲಿ ಅಂಚೆ ಕೆಲಸವನ್ನೂ ಮೇಷ್ಟ್ರ ಕೈಗೇ ಕೊಟ್ಟು ಚಿಲ್ಲರೆ ಭತ್ಯೆ ಸೇರಿಸುವ ಪದ್ಧತಿ ಬೆಳೆಯಿತು. ಸಂಬಳ ಸಾಲದು ಎಂಬುದು ಗೊತ್ತಿದ್ದೇ ಮಾಡಿದ ಏರ್ಪಾಡು ಇದು. ಅನ್ನದ ಬದಲು ನಾಣ್ಯ ಬಂದಾಗ ಬೆಲೆಯೇರಿಕೆಯ ಭಾರ ಶಾಲೆ ನಡೆಸುವವರ ಹೆಗಲಿನಿಂದ ಮೇಷ್ಟ್ರ ಹೆಗಲಿಗೆ ಜಾರಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ, ಸೀಮೆಎಣ್ಣೆ, ಬಟ್ಟೆ ಎಲ್ಲವೂ ತುಟ್ಟಿಯಾಗಿ ಪಡಿತರಕ್ಕೆ ಬಂದಾಗ ಈ ಭಾರ ಎಷ್ಟೆಂದು ತಿಳಿಯಿತು. ಸ್ವಾತಂತ್ರ್ಯದ ನಂತರದ ಅಂಕಿಗಳು ಇನ್ನೂ ಸ್ಪಷ್ಟ. ಕೊಠಾರಿ ಆಯೋಗ (1964–66) ಕೊಟ್ಟ ಲೆಕ್ಕದಂತೆ ದೇಶದ ಕಿರಿಯ ಪ್ರಾಥಮಿಕ ಶಾಲಾ ಶಿಕ್ಷಕರ ಸರಾಸರಿ ವಾರ್ಷಿಕ ಸಂಬಳ 1950-51ರಲ್ಲಿ 545 ರೂಪಾಯಿ, 1965-66ರಲ್ಲಿ 1,046. ಹೆಚ್ಚುಕಡಿಮೆ ಇಮ್ಮಡಿ. ಆದರೆ ಅಷ್ಟರಲ್ಲಿ ಜೀವನವೆಚ್ಚದ ಸೂಚ್ಯಂಕ 100ರಿಂದ 165ಕ್ಕೆ ಏರಿತ್ತು. ಕಳೆದು ನೋಡಿದರೆ ಹದಿನೈದು ವರ್ಷದಲ್ಲಿ ನಿಜವಾಗಿ ಕೈಗೆ ಹತ್ತಿದ್ದು ನೂರಕ್ಕೆ 16ರಷ್ಟು. ಶಿಕ್ಷಕರಿಗೆ ಉಳಿದ ಸರ್ಕಾರಿ ನೌಕರರಷ್ಟೇ ತುಟ್ಟಿಭತ್ಯೆ ಸಿಗಬೇಕು, ಐದು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆಯಾಗಬೇಕು ಎಂದು ಆಯೋಗ ಶಿಫಾರಸು ಮಾಡಿದ್ದು ಇದೇ ಕಾರಣಕ್ಕೆ. ಭತ್ತದಲ್ಲಿ ತಾನಾಗಿಯೇ ಇದ್ದ ರಕ್ಷಣೆಯನ್ನು ನಗದಿನಲ್ಲಿ ನಿಯಮ ಮಾಡಿ ಹುಟ್ಟಿಸಬೇಕಿತ್ತು; ತುಟ್ಟಿಭತ್ಯೆ ಅಂಥ ನಿಯಮ.

ಆ ನಿಯಮವೂ ಹೋರಾಟವಿಲ್ಲದೆ ನಡೆದುಕೊಂಡು ಬಂದಿಲ್ಲ. 2023ರ ಮಾರ್ಚ್ 1ರಂದು ಶಿಕ್ಷಕರೂ ಸೇರಿ ರಾಜ್ಯದ ನೌಕರರು ಕೆಲಸಕ್ಕೆ ಹೋಗದೆ ಉಳಿದ ಮೇಲೆ ಶೇ 17ರ ಮಧ್ಯಂತರ ಪರಿಹಾರ ಬಂತು. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ವೇತನ ಆಯೋಗದ ಪರಿಷ್ಕರಣೆಯನ್ನು ಕಾಗದದ ಮೇಲೆ 2022ರ ಜುಲೈ 1ರಿಂದ ಲೆಕ್ಕಹಾಕಿದರೂ ಹಣ ಕೈಗೆ ಬಂದಿದ್ದು 2024ರ ಆಗಸ್ಟ್ 1ರಿಂದ. ನಡುವಿನ ಎರಡು ವರ್ಷದ ಬಾಕಿ ಯಾರಿಗೂ ಸಿಗಲಿಲ್ಲ. ಹಾಗಿದ್ದರೂ ಕಾಯಂ ಶಿಕ್ಷಕರ ಸ್ಥಿತಿ ಅಜ್ಜನ ಕಾಲದ ಮೇಷ್ಟ್ರಿಗಿಂತ ಎಷ್ಟೋ ಉತ್ತಮ ಎಂಬ ಆಕ್ಷೇಪವನ್ನು ಒಪ್ಪಲೇಬೇಕು. ಒಪ್ಪಿದರೆ ವಾದ ಬಲವಾಗುತ್ತದೆಯೇ ಹೊರತು ಬೀಳುವುದಿಲ್ಲ. ಅದೇ ಖಜಾನೆ, ಅದೇ ಇಲಾಖೆ. ನಿಯಮ ಇರುವ ಕಡೆ ಸಂಬಳ ಬೆಲೆಯ ಬೆನ್ನು ಹಿಡಿದಿದೆ, ಇಲ್ಲದ ಕಡೆ ಹಿಂದೆ ಬಿದ್ದಿದೆ.

ನಿಯಮದ ಹೊರಗಿರುವವರು ಅತಿಥಿ ಶಿಕ್ಷಕರು. ರಾಜ್ಯದಲ್ಲಿ ಅವರು ಈಗ ಸುಮಾರು 50 ಸಾವಿರ. ನೇಮಕಾತಿ ಆಗದೆ ಖಾಲಿ ಉಳಿದ ಹುದ್ದೆಗಳನ್ನು ವರ್ಷ ವರ್ಷವೂ ತುಂಬುವವರು. ತಾತ್ಕಾಲಿಕ ಕೆಲಸಕ್ಕೆ ಕಾಯಂ ಸಂಬಳ ಕೊಡಲಾಗದು ಎನ್ನುವುದು ಒಂದು ಆಕ್ಷೇಪ. ಪ್ರತಿ ಜೂನ್‌ನಲ್ಲಿ ಮರಳಿ ಬರುವ ಅಗತ್ಯವನ್ನು ತಾತ್ಕಾಲಿಕ ಎನ್ನುವುದೇ ಸರಿಯಲ್ಲ. ಏಪ್ರಿಲ್, ಮೇ ತಿಂಗಳಿಗೆ ಅವರಿಗೆ ಸಂಬಳವೂ ಇಲ್ಲ. ಹಳ್ಳಿಯಲ್ಲಿ ಖರ್ಚು ಕಡಿಮೆ, ಮನೆಯಲ್ಲಿ ಅಡಿಕೆ ತೋಟವೋ ಗಂಡನ ದುಡಿಮೆಯೋ ಇರುತ್ತದೆ ಎನ್ನುವುದು ಇನ್ನೊಂದು. ಇದು ಮನ್ರೋನ ಲೆಕ್ಕವೇ, ವೇಷ ಮಾತ್ರ ಬೇರೆ. ಶೃಂಗೇರಿ, ಕೊಪ್ಪ ಭಾಗದಲ್ಲಿ ದಶಕಗಳಿಂದ ಹಳದಿ ಎಲೆ ರೋಗ, ಈಚೆಗೆ ಎಲೆಚುಕ್ಕಿ ರೋಗ ತೋಟಗಳನ್ನು ತಿನ್ನುತ್ತಿರುವಾಗ ಅಡಿಕೆಯ ಭರವಸೆ ಎಷ್ಟರದು? ತೋಟ ಇದ್ದರೂ ತಹಶೀಲ್ದಾರರ ಸಂಬಳವನ್ನು ಅವರ ಅಡಿಕೆ ನೋಡಿ ಯಾರೂ ಗೊತ್ತುಮಾಡುವುದಿಲ್ಲ.

ಇನ್ನು ಹಣವಿಲ್ಲ ಎಂಬ ಮಾತು. ಉದ್ಯೋಗ ಖಾತ್ರಿಯ ದಿನಗೂಲಿ ಕರ್ನಾಟಕದಲ್ಲಿ 2021-22ರಲ್ಲಿ 289 ರೂಪಾಯಿ. 26 ದಿನಕ್ಕೆ 7,514. ಆಗ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ 7,500. ಕೆರೆ ಹೂಳೆತ್ತುವ ಕೂಲಿಗೂ ತರಗತಿಯ ಪಾಠಕ್ಕೂ ಹದಿನಾಲ್ಕು ರೂಪಾಯಿ ವ್ಯತ್ಯಾಸ, ಅದೂ ಕೂಲಿಯ ಕಡೆಗೆ. ಆ ಕೂಲಿ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕ ನೋಡಿಕೊಂಡು ವರ್ಷ ವರ್ಷವೂ ಏರಿ 2025-26ಕ್ಕೆ 370 ತಲುಪಿತು. ಗೌರವಧನ ಮಾತ್ರ 2022ರಲ್ಲಿ 10 ಸಾವಿರಕ್ಕೆ ಹಾರಿ, ಅಲ್ಲೇ ನಿಂತು, 2025ರ ಬಜೆಟ್ ಭಾಷಣಕ್ಕೆ ಕಾಯಬೇಕಾಯಿತು. ಕೂಲಿಗಾರರಿಗೆ ಸಿಕ್ಕಿದ್ದು ಸರಿಯಾದದ್ದೇ, ಇನ್ನೂ ಹೆಚ್ಚು ಸಿಗಬೇಕು. ಪ್ರಶ್ನೆ ಇರುವುದು, ಸೂಚ್ಯಂಕಕ್ಕೆ ಕಟ್ಟಿದ ಕೂಲಿ ಕೊಡಲು ಗೊತ್ತಿರುವ ಆಡಳಿತ ಅದನ್ನೇ ಶಾಲೆಯ ಬಾಗಿಲಲ್ಲಿ ಯಾಕೆ ಮರೆಯುತ್ತದೆ ಎಂಬುದು. ಗೌರವಧನವನ್ನು ತುಟ್ಟಿಭತ್ಯೆಯ ಸೂಚ್ಯಂಕಕ್ಕೆ ಜೋಡಿಸಿ, ಹನ್ನೆರಡು ತಿಂಗಳಿಗೂ ಕೊಡುವುದು ಹೊಸ ಆವಿಷ್ಕಾರವಲ್ಲ. ಅರುವತ್ತು ವರ್ಷದ ಹಿಂದೆ ಕೊಠಾರಿ ಆಯೋಗ ಶಿಕ್ಷಕರಿಗೆಲ್ಲ ಕೇಳಿದ ರಕ್ಷಣೆಯನ್ನು ಬಿಟ್ಟುಹೋದವರಿಗೂ ಕೊಟ್ಟಂತಾಗುತ್ತದೆ, ಅಷ್ಟೆ.