ಶ್ರೀರಂಗಪಟ್ಟಣ
ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರ. ಕಾವೇರಿಯ ಎರಡು ಕವಲುಗಳ ನಡುವಣ ದ್ವೀಪದಲ್ಲಿರುವ ಪ್ರಾಚೀನ ಕೋಟೆ ಪಟ್ಟಣ. ಮೈಸೂರಿಗೆ ಈಶಾನ್ಯದಲ್ಲಿ ಸುಮಾರು 15 ಕಿ.ಮೀ. ದೂರದಲ್ಲಿದೆ. ಗಂಗರ ಕಾಲದ ರಂಗನಾಥಸ್ವಾಮಿ ದೇವಾಲಯದಿಂದ ಊರಿಗೆ ಈ ಹೆಸರು; ಕಾವೇರಿ ತೀರದ ರಂಗನಾಥ ಕ್ಷೇತ್ರಗಳಲ್ಲಿ ಇದು ಆದಿರಂಗ. ವಿಜಯನಗರದ ಪ್ರತಿನಿಧಿಗಳ ನೆಲೆಯಾಗಿದ್ದ ಪಟ್ಟಣವನ್ನು 1610ರಲ್ಲಿ ರಾಜ ಒಡೆಯರು ವಶಪಡಿಸಿಕೊಂಡರು. ಅಂದಿನಿಂದ 1799ರವರೆಗೆ, ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಆಳ್ವಿಕೆಯೂ ಸೇರಿದಂತೆ, ಮೈಸೂರು ರಾಜ್ಯದ ರಾಜಧಾನಿ. ಬ್ರಿಟಿಷರು ಮತ್ತು ಅವರ ಮಿತ್ರರೊಂದಿಗಿನ 1792ರ ಒಪ್ಪಂದದಲ್ಲಿ ಟಿಪ್ಪುವಿನ ರಾಜ್ಯದ ಅರ್ಧಭಾಗ ಕೈಬಿಟ್ಟಿತು. 1799ರ ಮೇ 4ರಂದು ಬ್ರಿಟಿಷರು ಕೋಟೆಗೆ ಲಗ್ಗೆಯಿಟ್ಟಾಗ ಟಿಪ್ಪು ಹೋರಾಡುತ್ತ ಮಡಿದನು.

ಇಲ್ಲಿನ ಸ್ಮಾರಕಗಳಲ್ಲಿ ಕಲೆಯ ದೃಷ್ಟಿಯಿಂದ ಅಗ್ರಗಣ್ಯವಾದುದು ಕೋಟೆಯ ಹೊರಗಿನ ದರಿಯಾ ದೌಲತ್ (1784). ಮರದ ಕಂಬಗಳ ಈ ಬೇಸಗೆ ಅರಮನೆಯ ಗೋಡೆಗಳೆಲ್ಲ ಚಿತ್ರಮಯ. ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಕದನ ಮೂಡಿದೆ: ಪಲ್ಲಕ್ಕಿಯಲ್ಲಿ ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ಗಾಯಾಳು ಕರ್ನಲ್ ಬೇಲಿ, ಸುತ್ತ ಚೌಕವಾಗಿ ನಿಂತ ಕಂಪನಿ ಸೈನಿಕರು, ಮುತ್ತಿದ ಮೈಸೂರು ಅಶ್ವದಳ. ದ್ವೀಪದ ಪೂರ್ವದಲ್ಲಿರುವ ಗುಂಬಜ್‌ನಲ್ಲಿ ಹೈದರ್, ಟಿಪ್ಪು ಹಾಗೂ ಟಿಪ್ಪುವಿನ ತಾಯಿಯ ಸಮಾಧಿಗಳಿವೆ. ಅದರಾಚೆ ಕವಲುಗಳು ಕೂಡುವ ಸಂಗಮ. ಜಾಮಿಯಾ ಮಸೀದಿ, ನಿಮಿಷಾಂಬಾ ದೇವಾಲಯ, ವೆಲ್ಲೆಸ್ಲಿ ಸೇತುವೆ ಇತರ ಪ್ರೇಕ್ಷಣೀಯ ಸ್ಥಳಗಳು. ಜೋಡಿ ರೈಲುಮಾರ್ಗಕ್ಕೆ ಅಡ್ಡಲಾಗಿದ್ದ ಟಿಪ್ಪುವಿನ ಶಸ್ತ್ರಾಗಾರವನ್ನು 2017ರಲ್ಲಿ ಕೆಡವದೆ ಇಡಿಯಾಗಿ ಸರಿಸಿ ಉಳಿಸಿಕೊಂಡದ್ದು ಗಮನಾರ್ಹ. ಸಮೀಪದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು.